ತಾತನ ಮನೆಯ ಬಾಡಿಗೆ ಫೋನು

ಮೊನ್ನೆ ನನ್ನ ಮೊಬೈಲಿನ ಬ್ಯಾಟರಿ ಕೈಕೊಟ್ಟಿತು. ಶಿವಾಜಿನಗರದ ಗಲ್ಲಿಯೊಂದರ ಪುಟ್ಟ ರಿಪೇರಿ ಅಂಗಡಿಗೆ ಹೋದೆ. ಬಿಸಿ ಮಾಡಿ, ಅಂಟು ಬಿಡಿಸಿ, ಹಿಂದಿನ ಮುಚ್ಚಳ ತೆಗೆಯುವಷ್ಟರಲ್ಲಿ ಅರ್ಧ ಗಂಟೆ. "ಬಿಚ್ಚಬಾರದು ಅಂತಾನೇ ಮಾಡಿರ್ತಾರೆ ಸಾರ್" ಅಂದ್ರು ಅಂಗಡಿಯವರು. ನನಗೆ ತಾತನ ಮನೆಯ ಕಪ್ಪು ಫೋನು ನೆನಪಾಯಿತು.

ಡಯಲ್ ತಿರುಗಿಸುವ ಆ ಫೋನು ನಿಮಗೂ ನೆನಪಿರಬಹುದು. ಅದು ತಯಾರಾಗಿದ್ದು ನಮ್ಮೂರಲ್ಲೇ, 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ, ಅಂದರೆ ಐ.ಟಿ.ಐ.ನಲ್ಲಿ. ಕೆ.ಆರ್.ಪುರಂ ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದೇ ಈ ಕಾರ್ಖಾನೆಯಿಂದ.

ಫೋನಿನ ಒಳಗೆ ಗುಟ್ಟೇನೂ ಇರಲಿಲ್ಲ. ಮಾತಾಡುವ ಕಡೆಯ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ತೆಗೆದರೆ ಇಂಗಾಲದ ಪುಡಿ ತುಂಬಿದ ಮೈಕು ಸಿಗುತ್ತಿತ್ತು. ಪುಡಿ ಗಟ್ಟಿಕೊಂಡು ದನಿ ಕುಗ್ಗಿದರೆ ರಿಸೀವರನ್ನು ನಾಲ್ಕು ಸಲ ತಟ್ಟಿದರೆ ಸಾಕು. ಡಯಲ್‌ನಲ್ಲಿ 5 ತಿರುಗಿಸಿದರೆ ಲೈನು ಐದು ಸಲ ಕಡಿದು ಕೂಡುತ್ತಿತ್ತು, ಅಷ್ಟೇ ಅದರ 'ಸಾಫ್ಟ್‌ವೇರ್'! ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು.

ಹಳೇ ಕಾಲದವರು ಪ್ರಾಮಾಣಿಕರು, ಅದಕ್ಕೇ ಬಾಳಿಕೆ ಬರ್ತಿತ್ತು ಅನ್ನೋದು ಸುಲಭ. ನನಗೆ ಕಾಣುವ ಕಾರಣವೇ ಬೇರೆ. ಆ ಫೋನು ತಾತನದ್ದಾಗಿರಲಿಲ್ಲ! ಅದು ಸರ್ಕಾರಿ ಇಲಾಖೆಯ ಸ್ವತ್ತು, ತಾತ ಕಟ್ಟುತ್ತಿದ್ದದ್ದು ಬಾಡಿಗೆ. ಕೆಟ್ಟರೆ ಇಲಾಖೆಯವರೇ ಬಂದು ಸರಿಮಾಡಬೇಕು. ತಯಾರಿಸುವ ಐ.ಟಿ.ಐ. ಕೂಡ ಸರ್ಕಾರದ್ದೇ. ಫೋನು ಬೇಗ ಕೆಟ್ಟರೆ ಯಾರಿಗೂ ಲಾಭವಿರಲಿಲ್ಲ.

ಹಾಗಂತ ಅದೇನು ಸ್ವರ್ಗವಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಮುಂದೆ ನಾವೇ ಅಂಗಡಿಯಲ್ಲಿ ಫೋನು ಕೊಳ್ಳುವಂತಾಯಿತು. ಆಯ್ಕೆ ನಮ್ಮದಾಯಿತು, ಕೆಟ್ಟಾಗಿನ ಖರ್ಚೂ ನಮ್ಮದೇ ಆಯಿತು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗಾಗಿ ಸಮಿತಿ ರಚಿಸಿತು. ಅದರ ಪಟ್ಟಿಯಲ್ಲಿ ಮೊಬೈಲೂ ಇದೆ. ಒಳ್ಳೆಯದೇ. ಆದರೆ ಕೆಟ್ಟದ್ದರ ಖರ್ಚು ಮಾಡಿದವನ ಜೇಬಿಗೂ ತಟ್ಟುವವರೆಗೆ, ಸುಲಭವಾಗಿ ಬಿಚ್ಚುವಂಥ ಫೋನು ಬರುವುದು ಅನುಮಾನ. ಬೇರೆಯವರನ್ನೇ ಯಾಕೆ ಅನ್ನಲಿ? ಹಳೇ ಫೋನುಗಳಿಗೆ ಅಪ್‌ಡೇಟ್ ನಿಲ್ಲಿಸೋಣ ಅಂತ ಮೀಟಿಂಗಿನಲ್ಲಿ ತೀರ್ಮಾನವಾದಾಗ ನಾನೂ ತಲೆಯಾಡಿಸಿದ್ದೇನೆ. ಹೊಸ ಫೋನಿಗೆ ದುಡ್ಡು ಕೊಡುವವನು ನಾನಲ್ಲವಲ್ಲ!

ತಾತ ತೀರಿಕೊಂಡ ಮೇಲೆ ಲೈನು ಬೇಡವೆಂದು ಬರೆದುಕೊಟ್ಟು, ಫೋನನ್ನೂ ಇಲಾಖೆಗೆ ಹಿಂತಿರುಗಿಸಿದೆವು. ಆಗಲೂ ಅದು ಸರಿಯಾಗಿಯೇ ಇತ್ತು.