ಅಜ್ಜಿಯ ಅಜ್ಜಿ ಯಾರು? ಹಳಿಯಾಳ ಸೀಮೆಯ ಸಿದ್ದಿ ಮನೆಗಳಲ್ಲಿ ತಾಯಿವಂಶದ ಶೋಧ

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ತಾಲ್ಲೂಕುಗಳ, ಆಫ್ರಿಕ ಮೂಲದ ಸಿದ್ದಿ ಮನೆತನವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಹೆಣ್ಣುಮಗಳ ವಂಶವನ್ನು ಗುರುತಿಸಬೇಕಾದರೆ ಕಂದಾಯದ ಕಡತ ಮೊದಲ ಮೆಟ್ಟಿಲಾಗಲಾರದು. ಕಡತಕ್ಕೆ ಬೇಕಾದದ್ದು ಜಮೀನಿನ ಒಡೆಯ. ಪರರ ಗದ್ದೆಯಲ್ಲಿ ದುಡಿದು ಕಾಡಂಚಿನಲ್ಲಿ ಬಾಳಿದವಳ ಹೆಸರು ಅದರೊಳಗೆ ಸೇರುವ ದಾರಿಯೇ ಇರಲಿಲ್ಲ. ಮೇಲಾಗಿ ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ತಾಯಿಯ ಕಾಲದ ಕಾಗದಕ್ಕೆ ಚೆನ್ನೈ, ಮಗಳ ಕಾಲದ್ದಕ್ಕೆ ಮುಂಬಯಿ ಎಂದು ಎರಡು ಪತ್ರಾಗಾರಗಳಲ್ಲಿ ಹುಡುಕಬೇಕು. 1883ರ ಕೆನರಾ ಗೆಜೆಟಿಯರ್ ಸಿದ್ದಿಗಳನ್ನು ಒಂದು ಜನವರ್ಗವೆಂದು ವರ್ಣಿಸಿ ಮುಗಿಸುತ್ತದೆ.

ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು; ಇಲ್ಲಿನ ಸಿದ್ದಿಗಳಲ್ಲಿ ಹಲವರು ಅವರ ಸಂತತಿ. ಗಡಿಯ ಈಚೆ ಬ್ರಿಟಿಷರ 1843ರ ಕಾಯ್ದೆ ಗುಲಾಮರ ಮೇಲಿನ ಒಡೆತನಕ್ಕೆ ಕೋರ್ಟಿನ ಬೆಂಬಲವನ್ನು ತಪ್ಪಿಸಿತು. ಗೋವೆಯಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1869ರಲ್ಲಿ. ಈ ನಡುವಿನ ಇಪ್ಪತ್ತಾರು ವರ್ಷ ಸಂಶೋಧಕರಿಗೆ ಮುಖ್ಯ. ಆಗ ಗಡಿ ದಾಟಿ ಬಂದ ಹೆಣ್ಣಿಗೆ ತನ್ನ ಊರು, ಒಡೆಯನ ಹೆಸರು ಯಾವ ಅಧಿಕಾರಿಯ ಮುಂದೆಯೂ ಬಾಯಿಬಿಡದಿರಲು ಸಾಕಷ್ಟು ಕಾರಣವಿತ್ತು. ಅವಳ ಬಗ್ಗೆ ದಾಖಲೆ ಇಲ್ಲದಿರುವುದನ್ನು ಬರೀ ಅಲಕ್ಷ್ಯವೆಂದು ಓದುವುದು ನನಗೆ ಸರಿ ಕಾಣದು. ಅದರಲ್ಲಿ ಅವಳ ಎಚ್ಚರವೂ ಇದ್ದಿರಬೇಕು.

ಕ್ರೈಸ್ತ ಸಿದ್ದಿಗಳ ಮಟ್ಟಿಗೆ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ ಒಳ್ಳೆಯ ಆಸರೆ, ಏಕೆಂದರೆ ತಾಯಿಯ ಹೆಸರಿಗೆ ಅಲ್ಲಿ ಜಾಗವಿದೆ. ಆದರೆ ಕಾರವಾರ ಧರ್ಮಪ್ರಾಂತ್ಯ ರೂಪುಗೊಂಡದ್ದು 1976ರಲ್ಲಿ, ಬೆಳಗಾವಿಯದು 1953ರಲ್ಲಿ. ಅದಕ್ಕೂ ಹಿಂದಿನದಕ್ಕೆ ಗೋವೆಯತ್ತಲೇ ತಿರುಗಬೇಕು. ಹಿಂದೂ, ಮುಸ್ಲಿಂ ಸಿದ್ದಿ ಮನೆಗಳಿಗೆ ಈ ಅನುಕೂಲವೂ ಇಲ್ಲ. ಅಲ್ಲಿ ಹಿರಿಯರ ಪೂಜೆಯನ್ನು ಕೇಳಿ ಬರೆದುಕೊಳ್ಳಬೇಕು: ಯಾವ ಹಿರಿಯಳನ್ನು ನೆನೆಯುತ್ತಾರೆ, ಅವಳು ಯಾವ ಊರಿನಿಂದ ಸೊಸೆಯಾಗಿ ಬಂದಳು, ಅವಳ ತವರಿನವರು ಈಗ ಎಲ್ಲಿದ್ದಾರೆ. ಗಂಡಸರನ್ನು ಕೇಳಿದರೆ ವಂಶ ಅಪ್ಪ, ಅಜ್ಜ, ಮುತ್ತಜ್ಜ ಎಂದು ನೆಟ್ಟಗೆ ಸಾಗುತ್ತದೆ. ಮುದುಕಿಯರನ್ನು ಕೇಳಿದರೆ ಅದು ಊರಿಂದೂರಿಗೆ ಹಬ್ಬುತ್ತದೆ. ಬೇಕಾದದ್ದು ಈ ಎರಡನೆಯದೇ.

ಸಿದ್ದಿ ಹೆಂಗಸರು ಹಳೆಯ ಬಟ್ಟೆ ಜೋಡಿಸಿ ಹೊಲಿಯುವ ಕೌದಿಯನ್ನೂ ಸಾಕ್ಷ್ಯವಾಗಿ ನೋಡುವವರಿದ್ದಾರೆ. ಮೂಲೆಗಳಲ್ಲಿ ಮಡಿಸಿ ಹೊಲಿದ 'ಫುಲಾ' ಇಲ್ಲದೆ ಕೌದಿ ಮುಗಿಯದು. ಈ ಕೈಕೆಲಸ ಹಿರಿಯಳಿಂದ ಕಿರಿಯಳಿಗೆ ಬರುತ್ತದೆಂಬುದು ನಿಜ. ಆದರೆ ದಿನಬಳಕೆಯ ಬಟ್ಟೆ ನೂರೈವತ್ತು ವರ್ಷ ಬಾಳುವುದಿಲ್ಲ. ಹೊಲಿಗೆಯ ಮಾದರಿಯಿಂದ ಒಂದು ಮನೆತನವನ್ನು ಗುರುತಿಸಹೊರಟರೆ ಊಹೆಯೇ ಹೆಚ್ಚಾದೀತು. ಕೌದಿಯ ದೊಡ್ಡ ಉಪಯೋಗ ಬೇರೆ: ಅದನ್ನು ಹೊಲಿಯುತ್ತ ಕೂತಾಗ ಯಾರಿಂದ ಕಲಿತೆ ಎಂಬ ಪ್ರಶ್ನೆಗೆ ಉತ್ತರ ಸಲೀಸಾಗಿ ಬರುತ್ತದೆ.

ವಂಶವಾಹಿ ಅಧ್ಯಯನ ಇನ್ನೊಂದು ದಿಕ್ಕು ತೋರಿಸುತ್ತದೆ. 2011ರಲ್ಲಿ ಪ್ರಕಟವಾದ ಸಂಶೋಧನೆಯು ಸಿದ್ದಿಗಳ ಮೂಲವನ್ನು ಆಫ್ರಿಕದ ಬಾಂಟು ಭಾಷಿಕರಲ್ಲಿ ಗುರುತಿಸಿ, ಸ್ಥಳೀಯರೊಂದಿಗಿನ ಬೆರಕೆ ಸುಮಾರು ಎಂಟು ತಲೆಮಾರುಗಳ, ಅಂದರೆ ಇನ್ನೂರು ವರ್ಷಗಳ ಒಳಗಿನದೆಂದು ಅಂದಾಜಿಸಿತು. ನಾವು ಹುಡುಕುವ ಹೆಣ್ಣುಮಗಳು ಬದುಕಿದ್ದು ಅದೇ ಅವಧಿಯಲ್ಲಿ. ಹಾಗಾಗಿ ಅವಳ ತಾಯಿ ಆಫ್ರಿಕದವಳೆಂದು ಮೊದಲೇ ತೀರ್ಮಾನಿಸುವಂತಿಲ್ಲ. ಆಕೆ ಇದೇ ಘಟ್ಟದ ಮಗಳೂ ಆಗಿದ್ದಿರಬಹುದು.

ಜೋಯಿಡಾ ಭಾಗದಲ್ಲಿ ತವರಿನ ಜಾಡು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಸುತ್ತಲಿನ ಹಳ್ಳಿಗಳ ಜನ ರಾಮನಗರ ಮುಂತಾದೆಡೆ ಚದುರಿದರು. ಮುಳುಗಡೆಗೆ ಮುಂಚಿನ ಕೇರಿಗಳಲ್ಲಿ ಯಾರ ಮನೆಯ ಪಕ್ಕ ಯಾರ ಮನೆಯಿತ್ತೆಂದು ಬಲ್ಲ ಅಜ್ಜಿಯರು ಆ ಹೊಸ ಊರುಗಳಲ್ಲಿ ಈಗಲೂ ಇದ್ದಾರೆ. ಪತ್ರಾಗಾರಗಳಿಗಿಂತ ಮೊದಲು ಕೂತು ಕೇಳಬೇಕಾದದ್ದು ಅವರ ಬಳಿ.