ಕಾಕಾನ ಮೂರು ಗಾಲಿ ಗಾಡಿ

ಮೊನ್ನೆ ಕಮಲಾಪುರಕ್ಕೆ ಹೋದಾಗ ನಮ್ಮ ಕಾಕಾನಿಗೆ ಮೊಬೈಲಿನಲ್ಲಿ ಒಂದು ಹಳೇ ರೇಸ್ ತೋರಿಸಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹ್ಯಾಂಡ್‌ಸೈಕಲ್ ಟೈಮ್ ಟ್ರಯಲ್. ಇದರಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಒಬ್ಬೊಬ್ಬರೇ ಹೊರಡಬೇಕು, ಪೈಪೋಟಿ ಏನಿದ್ದರೂ ಗಡಿಯಾರದ ಜೊತೆ. ಇಟಲಿಯ ಅಲೆಸ್ಸಾಂಡ್ರೊ ಜನಾರ್ಡಿ 16 ಕಿ.ಮೀ. ದಾರಿಯನ್ನು 25 ನಿಮಿಷದೊಳಗೆ ಮುಗಿಸಿ ಚಿನ್ನ ಗೆದ್ದ. ಮೊದಲು ಕಾರ್ ರೇಸಿನವನು. 2001ರಲ್ಲಿ ಜರ್ಮನಿಯ ರೇಸೊಂದರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ.

ಕಾಕಾನಿಗೆ ಚಿಕ್ಕಂದಿನಲ್ಲೇ ಪೋಲಿಯೊ. ಕೈಯಿಂದ ತಿರುವುವ ಮೂರು ಗಾಲಿ ಗಾಡಿಯೇ ಅವರ ಕಾಲು. 2003ರಲ್ಲಿ ಏನೋ ಕಾಗದದ ಕೆಲಸಕ್ಕೆ ಕಲಬುರಗಿಗೆ (ಆಗ ಇನ್ನೂ ಗುಲ್ಬರ್ಗ) ಹೋಗಬೇಕಿತ್ತು. ಜೀಪಿನವನು ಗಾಡಿ ಮೇಲೆ ಹಾಕಿಕೊಳ್ಳಲು ಒಪ್ಪಲಿಲ್ಲ. ಸರಿ, ಬೆಳಗ್ಗೆ ಐದಕ್ಕೆ ಹುಮನಾಬಾದ್ ರಸ್ತೆಗೆ ಇಳಿದವರು ಸುಮಾರು 35 ಕಿ.ಮೀ. ತಿರುವಿಕೊಂಡೇ ಹೋಗಿ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಸಾಹೇಬರು ಊಟಕ್ಕೆ ಹೋಗಿದ್ದರಂತೆ!

ಈ ಎರಡೂ ಗಾಡಿಗಳ ಮೂಲ ಒಂದೇ ಅನ್ನುವುದು ನನಗೆ ಆಮೇಲೆ ಓದಿ ಗೊತ್ತಾಯಿತು. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಕಡೆಯ ಸ್ಟೀಫನ್ ಫಾರ್ಫ್ಲರ್ ಎಂಬಾತ, ನಡೆಯಲಾಗದವನು, ಕೈಯಿಂದ ತಿರುವುವ ಮೂರು ಗಾಲಿ ಕುರ್ಚಿ ಮಾಡಿಕೊಂಡ. ತಮಾಷೆ ನೋಡಿ, ಅವನ ಕಸುಬು ಗಡಿಯಾರ ಮಾಡುವುದು.

ಮುಂದೆ ದಾರಿ ಕವಲಾಯಿತು. ಅಲ್ಲಿ ಗಾಡಿ ನೆಲಕ್ಕೆ ತಗ್ಗಿತು, ಗೇರ್ ಬಂದವು, ಎರಡೂ ಕೈ ಒಟ್ಟಿಗೆ ತಿರುವುವ ಹಾಗಾಯಿತು. 2004ರ ಅಥೆನ್ಸ್‌ನಲ್ಲಿ ಪ್ಯಾರಾಲಿಂಪಿಕ್ಸ್‌ಗೂ ಸೇರಿತು. ನಮ್ಮಲ್ಲಿ 1972ರಲ್ಲಿ ಕಾನ್ಪುರದಲ್ಲಿ ಅಲಿಂಕೊ ಸ್ಥಾಪನೆಯಾಯಿತು, 1981ರಲ್ಲಿ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಯೋಜನೆ ಬಂತು. ಹಳ್ಳಿಹಳ್ಳಿಗೆ ಟ್ರೈಸೈಕಲ್ ಮುಟ್ಟಿದ್ದು ಹೀಗೆ. ಅದೇನು ಸಣ್ಣ ಕೆಲಸವಲ್ಲ, ಕಾಕಾ ಮನೆ ಬಿಟ್ಟು ಹೊರಬಂದದ್ದೇ ಅದರಿಂದ. ಆದರೆ ಕೊಟ್ಟವರು ಹಾರ ಹಾಕಿ ಫೋಟೊ ತೆಗೆಸಿಕೊಂಡರೇ ಹೊರತು, ಇದನ್ನು ಎಷ್ಟು ಜೋರಾಗಿ ಓಡಿಸಬಹುದು ಅಂತ ಯಾರೂ ಕೇಳಲಿಲ್ಲ.

ಕರ್ನಾಟಕದಲ್ಲಿ ಆಟಗಾರರಿಗೇನು ಬರವೇ? 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದ ಮಾಲತಿ ಹೊಳ್ಳ ಗಾಲಿಕುರ್ಚಿ ಓಟದಲ್ಲಿ ಹೆಸರು ಮಾಡಿದವರು. ಪಕ್ಕದ ವಿಜಯಪುರವಂತೂ ಸೈಕಲ್ ಪಟುಗಳ ಊರು. ಆದರೂ ಪ್ಯಾರಾಲಿಂಪಿಕ್ಸ್ ಸೈಕ್ಲಿಂಗ್‌ನಲ್ಲಿ ಭಾರತದವರು ಮೊದಲು ಕಾಣಿಸಿಕೊಂಡದ್ದು 2024ರ ಪ್ಯಾರಿಸ್‌ನಲ್ಲಿ: ಅರ್ಷದ್ ಶೇಕ್ ಮತ್ತು ಜ್ಯೋತಿ ಗಡೇರಿಯಾ. ಇಬ್ಬರದ್ದೂ ಕಾಲಿನಿಂದ ತುಳಿಯುವ ಸೈಕಲ್ಲು, ಕೈಯದಲ್ಲ.

ಕಾಕಾ ವಿಡಿಯೊ ಪೂರ್ತಿ ನೋಡಿದರು. ಜನಾರ್ಡಿಯ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು.

"ಅಂವ ಎರಡೂ ಕೈಲೆ ತಿರುವ್ತಾನಲ್ಲೊ. ನಂದು ಒಂದು ಕೈ ಹ್ಯಾಂಡಲಿಗೇ ಹೋಗ್ತದ."

ಆಮೇಲೆ, ಇಂವ ಇಲ್ಲಿಂದ ಕಲಬುರಗಿಗೆ ಎಷ್ಟೊತ್ತಿಗೆ ಮುಟ್ಟತಿದ್ದ ಅಂತ ಕೇಳಿದರು. ಲೆಕ್ಕ ಹಾಕಿ, ಒಂದು ತಾಸಿನೊಳಗೆ ಕಾಕಾ, ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೊಮ್ಮಿ ಹಚ್ಚು" ಅಂದರು.