ಮೆಲುದನಿಯ ಚರಿತ್ರೆ

ಬಾನುಲಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಲದ ಚರಿತ್ರೆಯೆಂದೇ ಓದುತ್ತ ಬಂದಿದ್ದೇವೆ. ಪ್ರೇಷಕ ಎಷ್ಟು ಕಿಲೋವ್ಯಾಟಿನದು, ಗೋಪುರ ಎಷ್ಟು ಎತ್ತರದ್ದು, ದನಿ ಎಷ್ಟು ದೂರ ಮುಟ್ಟುತ್ತದೆ ಎಂಬುವೇ ಅದರ ಅಳತೆಗೋಲುಗಳು. ಈ ಚರಿತ್ರೆಗೆ ಇನ್ನೊಂದು ಮುಖವೂ ಉಂಟು. ಎಷ್ಟು ಕಡಿಮೆ ಶಕ್ತಿಯಿಂದ ಮಾತು ಮುಟ್ಟೀತು ಎಂಬ ಅನ್ವೇಷಣೆಯ ಕಥೆ ಅದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಗೆ ಈ ಎರಡನೆಯ ಕಥೆಯೇ ಹೆಚ್ಚು ಹತ್ತಿರದ್ದು.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್; ಒಂದು ಮಂದವಾದ ವಿದ್ಯುದ್ದೀಪಕ್ಕೆ ಸಾಕಾಗುವಷ್ಟು. ಮುಂದೆ ಇಡೀ ದೇಶದ ಬಾನುಲಿಗೆ ಆಕಾಶವಾಣಿಯೆಂಬ ಹೆಸರೇ ನಿಂತಿತು.

ಹೇಳುವವನ ಬಲ ಹೇಗೋ ಹಾಗೆ ಕೇಳುವವನ ಬಲವೂ ಮುಖ್ಯ. ಕವಾಟಗಳ ಹಳೆಯ ರೇಡಿಯೋ ಪೆಟ್ಟಿಗೆಗೆ ವಿದ್ಯುತ್ತು ಬಹಳ ಬೇಕಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಆ ಹಸಿವನ್ನು ತಗ್ಗಿಸಿತು. ಬ್ಯಾಟರಿ ದೀಪದ ಸೆಲ್ಲುಗಳಿಂದಲೇ ರೇಡಿಯೋ ಹಾಡುವಂತಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳ ಮೇಲೆ ಶರಾವತಿಯ ನೀರು ನಿಂತಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ತಂತಿಯೇರಿ ದೂರದ ನಗರಗಳಿಗೆ ಹೋಯಿತು. ಹಿನ್ನೀರಿನ ಅಂಚಿನ ಎಷ್ಟೋ ಮನೆಗಳು ಬಹುಕಾಲ ಚಿಮಣಿ ದೀಪದಲ್ಲೇ ಉಳಿದವು. ಮರುವರ್ಷವೇ, 1965ರಲ್ಲಿ, ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಬೆಳಕು ಬಾರದ ಮನೆಗಳಿಗೂ ಸೆಲ್ಲಿನ ರೇಡಿಯೋದಿಂದ ಮಾತು ಬಂತು.

ಇದಕ್ಕಿಂತಲೂ ಮೆಲುವಾದ ದನಿಯೊಂದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಕಾಡಿನಲ್ಲಿ ಕೇಳಿಸಿತು. ಉರಗತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗ ಸರ್ಪಗಳ ರೇಡಿಯೋ ಅಧ್ಯಯನ ನಡೆಯಿತು. ಶಸ್ತ್ರಚಿಕಿತ್ಸೆಯಿಂದ ಹಾವಿನ ಮೈಯೊಳಗೆ ಇರಿಸಿದ ಕಿರು ಪ್ರೇಷಕದ ಸೆಲ್ಲನ್ನು ಪದೇಪದೇ ಬದಲಿಸಲಾಗದು. ಆದುದರಿಂದ ಅದು ಎಡೆಬಿಟ್ಟು, ಮೆಲ್ಲಗೆ ಮಿಡಿಯುತ್ತದೆ. ಮಳೆ, ಜಿಗಣೆಗಳ ನಡುವೆ ಆಂಟೆನಾ ಹಿಡಿದು ಹಿಂಬಾಲಿಸುವ ಕಷ್ಟವೆಲ್ಲ ಕೇಳುವವನದು.

ಇಂದು ಕೈಗಡಿಯಾರ, ಎದೆಬಡಿತದ ಪಟ್ಟಿ, ರಕ್ತದ ಸಕ್ಕರೆ ಅಳೆಯುವ ಉಪಕರಣಗಳನ್ನು ಫೋನಿಗೆ ಜೋಡಿಸುವ ವಿದ್ಯೆಯ ಮರ್ಮವೂ ಇದೇ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಮೊದಲಾದ ಯತ್ನಕ್ಕೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು ಅಂಟಿ ‘ಬ್ಲೂಟೂತ್’ ಎಂದಾಯಿತು. ಫಿನ್ಲೆಂಡಿನ ನೋಕಿಯಾ 2006ರಲ್ಲಿ ಪ್ರಕಟಿಸಿದ ‘ವೈಬ್ರೀ’ ಎಂಬ ಮಿತವ್ಯಯದ ಕ್ರಮ 2010ರಲ್ಲಿ ಅದರೊಳಗೆ ಸೇರಿ ‘ಬ್ಲೂಟೂತ್ ಲೋ ಎನರ್ಜಿ’ ಎನಿಸಿತು. ಅದಕ್ಕೆ ವ್ಯಾಟಿನ ಸಾವಿರದಲ್ಲೊಂದು ಪಾಲು ಸಾಕಾಗುತ್ತದೆ. ಎಂದರೆ, ಗೋಪಾಲಸ್ವಾಮಿಯವರ ಪ್ರೇಷಕದ ಮೂವತ್ತು ಸಾವಿರದಲ್ಲೊಂದು ಪಾಲು. ಕಿರು ಉಪಕರಣ ಬಹುಕಾಲ ನಿದ್ರಿಸುತ್ತದೆ. ಕ್ಷಣದ ಅತ್ಯಲ್ಪ ಭಾಗದಷ್ಟು ಎಚ್ಚೆತ್ತು, ಹೇಳುವುದನ್ನು ಹೇಳಿ, ಮತ್ತೆ ಮಲಗುತ್ತದೆ. ಹೀಗಾಗಿ ಗುಂಡಿಯಷ್ಟಿರುವ ಸೆಲ್ಲು ತಿಂಗಳುಗಟ್ಟಲೆ ಬಾಳುತ್ತದೆ. ಕಿವಿಗೊಟ್ಟು ಕಾಯುವ ಹೊರೆ ದೊಡ್ಡ ಬ್ಯಾಟರಿಯ ಫೋನಿನದು. ಬಲವಿಲ್ಲದವನ ಭಾರವನ್ನು ಬಲವುಳ್ಳವನು ಹೊರುವ ಏರ್ಪಾಡು ಇದು.

ಯಂತ್ರಗಳಲ್ಲಿ ಪಾಲಿಸಿದ ಈ ನ್ಯಾಯ ಮನುಷ್ಯರ ನಡುವೆ ಪಾಲನೆಯಾಯಿತೆ? 2020–21ರ ಕೊರೋನಾ ಕಾಲದಲ್ಲಿ ಪಾಠವೆಲ್ಲ ಫೋನಿನೊಳಗೆ ಸೇರಿದಾಗ, ಮಲೆನಾಡಿನ ಮಕ್ಕಳು ಸಂಕೇತ ಅರಸಿ ಗುಡ್ಡ ಹತ್ತಿದರು. ಕೊಡೆಯಡಿ ಕೂತು ಪಾಠ ಕೇಳಿದರು. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಕೂಗು ಈ ತಾಲ್ಲೂಕುಗಳಿಂದಲೇ ಎದ್ದಿತು. ಮನೆಯೊಳಗಿನ ಗಡಿಯಾರ ಫೋನಿನೊಡನೆ ಮಾತಾಡುತ್ತಿತ್ತು. ಮನೆ ಮಾತ್ರ ಹೊರಲೋಕದೊಡನೆ ಮಾತಾಡಲಾರದೆ ಹೋಯಿತು. ಅಲ್ಲಿ ದೊಡ್ಡ ಗೋಪುರ ತಾನಿದ್ದಲ್ಲೇ ಇತ್ತು. ಗುಡ್ಡ ಹತ್ತುವ ಹೊರೆ ಮಕ್ಕಳದಾಯಿತು. ಮೆಲುದನಿಯನ್ನು ಕೇಳಬೇಕಾದರೆ ಬಲವುಳ್ಳವನೇ ಹತ್ತಿರ ಬರಬೇಕು. ಆಗುಂಬೆಯ ಕಾಡಿನಲ್ಲಿ ಒಂದು ಹಾವಿಗಾಗಿ ನಾವು ಅಷ್ಟನ್ನು ಮಾಡಿದ್ದೇವೆ.